ಕಾಲಿಗೆ ಬುದ್ಧಿ ಹೇಳಿದ್ದು

ಇವತ್ತು ಬೆಳಗ್ಗೆ ನಾನು ಓಡಿದ್ದು 1.3 ಕಿಲೋಮೀಟರ್. ತಗೊಂಡ ಟೈಮು 47 ನಿಮಿಷ. ಕೈಲಿರೋ ವಾಚು ಲೆಕ್ಕ ಹಾಕಿ ಕಿಲೋಮೀಟರಿಗೆ 36 ನಿಮಿಷ ಅಂತ ತೋರಿಸ್ತು, ಆಮೇಲೆ ಅದಕ್ಕೇ ಅನುಮಾನ ಬಂದು ಓಟ ಮುಗೀತಾ ಅಂತ ಮೂರು ಸಲ ಕೇಳ್ತು. ಮುಗಿದಿರ್ಲಿಲ್ಲ, ಒಂದು ಕಲ್ಲಿನ ಕೆಳಗೆ ಏನಿದೆ ಅಂತ ನೋಡ್ತಾ ಕೂತಿದ್ವಿ. ಏನೂ ಇರ್ಲಿಲ್ಲ. ಪಕ್ಕದ ಕಲ್ಲನ್ನೂ ಎತ್ತಿ ನೋಡಿದ್ವಿ, ಅದರ ಕೆಳಗೂ ಏನೂ ಇರ್ಲಿಲ್ಲ, ಆದ್ರೆ ಇದು ಬೇರೆ ಥರದ ಏನೂ ಇಲ್ಲ ಅಂತೆ, ನನ್ನ ಮಗ ವಿವರಿಸಿದ.

ಮಗನಿಗೆ ಇನ್ನೂ ಐದು ತುಂಬಿಲ್ಲ. ನಾನು ಓಡೋಕೆ ಶುರು ಮಾಡಿದ್ದೇ ಇವನಿಂದ ಅರ್ಧ ಗಂಟೆ ತಪ್ಪಿಸ್ಕೊಳ್ಳೋಕೆ. ಹೀಗೆ ನೇರವಾಗಿ ಬರೆದ್ರೆ ಎಂಥಾ ತಾಯಿ ಇವಳು ಅನ್ನಿಸ್ಕೋತೀನಿ ಅಂತ ಗೊತ್ತು, ಕೇಳಿದವರಿಗೆಲ್ಲ ಆರೋಗ್ಯಕ್ಕೆ, ಬೆನ್ನುನೋವಿಗೆ, ಮನಸ್ಸಿನ ನೆಮ್ಮದಿಗೆ ಅಂತ ಹೇಳ್ಕೊಂಡು ಬಂದಿದೀನಿ, ಮೂರನೇದು ಸುಳ್ಳೂ ಅಲ್ಲ. ವ್ಯಾಕರಣದಲ್ಲಿ ಏಳು ವಿಭಕ್ತಿ, ಮೇಲೊಂದು ಸಂಬೋಧನೆ ಅಂತ ಓದಿದ್ದೆ, ನಮ್ಮನೇಲಿ ಆ ಏಳನ್ನೂ ತೆಗೆದುಹಾಕಿ ಬರೀ ಸಂಬೋಧನೆ ಒಂದನ್ನೇ ಇಟ್ಕೊಂಡಿದಾರೆ. ಅಮ್ಮಾ. ಅಮ್ಮಾಆ. ಅಮ್ಮಾ ನೋಡಿಲ್ಲಿ. ಅಮ್ಮಾ ನೀನು ನೋಡ್ಲೇ ಇಲ್ಲ. ಬಾತ್ರೂಮಿನ ಬಾಗಿಲ ಸಂದಿಯಿಂದ ನಾಲ್ಕು ಬೆರಳು ಒಳಗೆ ಬಂದು ಅಮ್ಮಾ ಕಾಣಿಸ್ತಿದೆಯಾ ಅಂತ ಕೇಳ್ತವೆ. ಅಂಥಾದ್ರಲ್ಲಿ ಯಾರೋ ಹೇಳಿದ್ರು, ಬೆಳಗ್ಗೆ ಅರ್ಧ ಗಂಟೆ ಓಡು, ಜಗತ್ತೇ ನಿಶ್ಶಬ್ದ ಅನ್ಸತ್ತೆ ಅಂತ. ನನಗೆ ಕೇಳ್ಸಿದ್ದು ಕೊನೇ ಪದ ಒಂದೇ.

ಒಂಬತ್ತು ವಾರದಲ್ಲಿ ಸೋಫಾದಿಂದ ಎಬ್ಬಿಸಿ 5 ಕಿಲೋಮೀಟರ್ ಓಡಿಸ್ತೀವಿ ಅನ್ನೋ ಪ್ಲಾನು ಇದೆಯಲ್ಲ, ವಾರಕ್ಕೆ ಮೂರು ದಿನ, ಮೊದಲನೇ ವಾರ 60 ಸೆಕೆಂಡು ಓಡು 90 ಸೆಕೆಂಡು ನಡಿ ಅನ್ನೋದು, ಅದನ್ನೇ ಹಿಡಿದೆ. ಅರವತ್ತು ಸೆಕೆಂಡು ಅಂದ್ರೆ ಎಷ್ಟುದ್ದ ಅಂತ ಆವತ್ತಿನವರೆಗೂ ನನಗೆ ಗೊತ್ತಿರ್ಲಿಲ್ಲ. ನಲವತ್ತನೇ ಸೆಕೆಂಡಿಗೆ ಎದುರಿಂದ ಪರಿಚಯದ ಆಂಟಿ ಬಂದ್ರು, ನನ್ನ ಮುಖ ನೋಡಿ ಗಾಬರಿಯಾಗಿ "ಯಾಕಮ್ಮಾ, ಮನೇಲಿ ಎಲ್ಲಾ ಹುಷಾರಾಗಿದಾರಾ?" ಅಂತ ಕೇಳಿದ್ರು. ಉತ್ತರ ಕೊಡೋಕೆ ಉಸಿರಿಲ್ಲದೆ ತಲೆ ಅಲ್ಲಾಡಿಸಿದೆ, ಅವರು ಅದನ್ನ ಇಲ್ಲ ಅಂತ ಅರ್ಥ ಮಾಡ್ಕೊಂಡ್ರು, ನಾನು ವಾಪಸ್ ಬರೋ ಹೊತ್ತಿಗೆ ಅವರು ನಮ್ಮನೇಲಿ ಕೂತು ನಮ್ಮೆಜಮಾನ್ರಿಗೆ ಸಮಾಧಾನ ಹೇಳ್ತಿದ್ರು, ಯಾತಕ್ಕೆ ಅಂತ ಇಬ್ಬರಿಗೂ ಗೊತ್ತಿಲ್ಲ. ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ ಅಂತಾರಲ್ಲ, ನನಗೆ ಎರಡೂ ಒಟ್ಟಿಗೇ ಬಂತು. ಒಂಬತ್ತು ವಾರದ್ದು ಹದಿನೈದು ವಾರ ಆಯ್ತು ಆದ್ರೂ ಒಂದು ದಿನ 5 ಕಿಲೋಮೀಟರ್ ಪೂರ್ತಿ ನಿಲ್ದೆ ಓಡಿದೆ, ಆ ದಾರೀಲಿ ಯಾರೂ ನನ್ನ ಅಮ್ಮಾ ಅಂತ ಕರೀಲಿಲ್ಲ. ಆ ಸುಖ ಹೇಳೋಕಾಗಲ್ಲ ಬಿಡಿ.

ಅದಕ್ಕೂ ಮುಂಚೆ ಒಂದು ತಳ್ಳುಗಾಡಿ ಪ್ರಸಂಗ ಆಗಿತ್ತು. ಅವನು ಒಂದು ವರ್ಷದವನಿದ್ದಾಗ ಯಾರದೋ ಮನೇಲಿ ಬಿದ್ದಿದ್ದ ಮೂರು ಚಕ್ರದ ಗಾಡಿ ನಮಗೆ ಬಂತು, ಮಗುವನ್ನ ಕೂರಿಸ್ಕೊಂಡು ಓಡೋಕೆ ಅಂತಲೇ ಮಾಡಿರೋದು. ಇದನ್ನ ಮೊದಲು ಮಾಡಿದ್ದು ಫಿಲ್ ಬೇಕ್ಲರ್ ಅನ್ನೋ ಅಮೆರಿಕದ ಪತ್ರಕರ್ತ, 1984ರಲ್ಲಿ, ಮಾಮೂಲಿ ತಳ್ಳುಗಾಡಿಗೆ ಸೈಕಲ್ ಚಕ್ರ ಹಾಕಿ, ತನ್ನ ಮಗನನ್ನ ಓಟಕ್ಕೆ ಕರ್ಕೊಂಡು ಹೋಗ್ಬೇಕು ಅಂತ. ಪುಣ್ಯಾತ್ಮ, ತಾನಾಗೇ ಕರ್ಕೊಂಡು ಹೋಗ್ಬೇಕು ಅಂದ್ಕೊಂಡ. ನಾನು ಬೇರೆ ದಾರಿ ಇಲ್ದೆ ಕರ್ಕೊಂಡು ಹೋಗಿದ್ದು. ಕತ್ತು ಗಟ್ಟಿಯಾಗಿ ನಿಲ್ಬೇಕು, ಕನಿಷ್ಠ ಆರು ತಿಂಗಳಾದ್ರೂ ಆಗಿರ್ಬೇಕು, ಮುಂದಿನ ಚಕ್ರ ಲಾಕ್ ಮಾಡ್ಬೇಕು, ಗಾಡಿಯ ಪಟ್ಟಿ ಮಣಿಕಟ್ಟಿಗೆ ಹಾಕ್ಕೋಬೇಕು, ಇದೆಲ್ಲ ಓದ್ಕೊಂಡು ಶ್ರದ್ಧೆಯಿಂದ ಮಾಡಿದೆ. ಕಾಲುಚೀಲದ ವಿಷಯ ಮಾತ್ರ ಯಾರೂ ಬರ್ದಿರ್ಲಿಲ್ಲ. ಇನ್ನೂರು ಮೀಟರಿಗೆ ಬಲಗಾಲಿಂದು ಹೋಯ್ತು. ವಾಪಸ್ ಹೋಗಿ ಹುಡುಕಿ ತಂದು ಹಾಕಿದೆ. ಅಷ್ಟೊತ್ತಿಗೆ ಎಡಗಾಲಿಂದು ಇರ್ಲಿಲ್ಲ. ಅದನ್ನ ಹುಡುಕೋಕೆ ಹೋದಾಗ ಟೋಪಿ. ಹೀಗೆ ನಾನು ಮುಂದೆ ನೂರು ಹೆಜ್ಜೆ ಹಿಂದೆ ಎಪ್ಪತ್ತು ಹೆಜ್ಜೆ ಓಡ್ತಾ ಇದ್ರೆ ಅವನು ಗಾಡೀಲಿ ಮಹಾರಾಜನ ಥರ ಕೂತು, ಒಂದೊಂದೇ ವಸ್ತ್ರ ದಾನ ಮಾಡ್ತಾ, ಕೊನೆಗೆ ನಿದ್ದೆ ಹೋದ. ನಿದ್ದೆ ಹೋದವನನ್ನ ಎಬ್ಬಿಸ್ಬಾರ್ದು ಅಂತ ಮನೆ ಬಾಗಿಲ ಮುಂದೆ ಇಪ್ಪತ್ತು ನಿಮಿಷ ಗಾಡಿ ಆಡಿಸ್ತಾ ನಿಂತಿದ್ದೆ, ಬೆವರು ಆರಿ ಚಳಿ ಹಿಡೀತು.

ಇರ್ಲಿ, ಆ ಗಾಡಿ ಕಾಲ ಮುಗೀತು, ನನ್ನ ಒಂಟಿ ಓಟದ ಸುವರ್ಣಯುಗ ಒಂದೂವರೆ ವರ್ಷ ನಡೀತು. ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು, ಲೈಟ್ ಹಾಕ್ದೆ, ಬಚ್ಚಲಲ್ಲಿ ನಲ್ಲಿ ಕೂಡ ಸಣ್ಣಗೆ ಬಿಟ್ಕೊಂಡು, ಶೂ ಕೈಲಿ ಹಿಡ್ಕೊಂಡು ತುದಿಗಾಲಲ್ಲಿ ಹೊರಗೆ ಬರೋದು. ಸ್ವಂತ ಮನೆಯಿಂದ ಕಳ್ಳಿ ಥರ. ಮೂರನೇ ಟೈಲ್ಸು ತುಳಿದ್ರೆ ಟಕ್ ಅನ್ನತ್ತೆ ಅಂತ ಅದನ್ನ ದಾಟೋದು. ಚಿಲಕ ತೆಗೆಯೋವಾಗ ಕೆಮ್ಮೋ ಹಾಗಿಲ್ಲ. ಕನ್ನಡದಲ್ಲಿ ಓಡಿಹೋಗೋದಕ್ಕೆ ಕಾಲಿಗೆ ಬುದ್ಧಿ ಹೇಳೋದು ಅಂತ ಯಾರು ಮೊದಲು ಅಂದ್ರೋ ಗೊತ್ತಿಲ್ಲ, ಅವರ ಮನೇಲಿ ಚಿಕ್ಕ ಮಕ್ಕಳಿದ್ದಿದ್ದಂತೂ ಗ್ಯಾರಂಟಿ.

ಒಂದು ದಿನ ಲೇಸು ಕಟ್ಟಿ ತಲೆ ಎತ್ತಿದ್ರೆ ಬಾಗಿಲಲ್ಲಿ ನಿಂತಿದಾನೆ. ಮೇಲೆ ಪೈಜಾಮದ ಅಂಗಿ, ಕೆಳಗೆ ಸ್ವಿಮ್ಮಿಂಗ್ ಚಡ್ಡಿ, ಎಡಗಾಲಿಗೆ ಬಲಗಾಲಿನ ಶೂ, ಬಲಗಾಲಿಗೆ ಎಡಗಾಲಿಂದು, ಕಣ್ಣಲ್ಲಿ ಇನ್ನೂ ಪಿಸರು. "ನಾನೂ," ಅಂದ. ಒಂದೇ ಪದ. ಒಳಗಿಂದ ಹೊದಿಕೆ ಕೆಳಗಿನ ದನಿ ಒಂದು ಬಂತು, "ಕರ್ಕೊಂಡು ಹೋಗೇ, ಪಾಪ, ಆಸೆ ಪಡ್ತಿದಾನೆ" ಅಂತ. ನಿದ್ದೇಲಿದ್ರೂ ಇಂಥ ಮಾತು ಎಷ್ಟು ಸ್ಪಷ್ಟವಾಗಿ ಬರತ್ತೆ ಈ ಗಂಡಸರಿಗೆ.

ಸರಿ, ಕರ್ಕೊಂಡು ಹೋದೆ. ಗೇಟು ದಾಟಿದ್ದೇ ತಡ ಅವನು ಓಟ ಕಿತ್ತ ನೋಡಿ, ನನಗೆ ಎದೆ ಝಲ್ ಅಂತು. ವಾರ್ಮ್ ಅಪ್ ಇಲ್ಲ, ಪೇಸ್ ಇಲ್ಲ, ಎರಡೂ ಕೈ ಹಿಂದಕ್ಕೆ ವಿಮಾನದ ರೆಕ್ಕೆ ಥರ ಚಾಚ್ಕೊಂಡು, ಬಾಯಲ್ಲಿ ಝೂಂ ಅಂತ ಸೌಂಡು ಬೇರೆ. ಎಂಬತ್ತು ಮೀಟರ್ ಹೋಗಿ ಗಕ್ಕಂತ ನಿಂತ. "ನಾನ್ ಫಸ್ಟು, ನೀನ್ ಲಾಸ್ಟು" ಅಂದ. ಇಬ್ಬರೇ ಓಡೋದ್ರಲ್ಲಿ ಎರಡನೇ ಸ್ಥಾನ ಅಂತ ಒಂದು ಇರ್ಬಹುದು ಅನ್ನೋದನ್ನ ಅವನು ಇವತ್ತಿಗೂ ಒಪ್ಪಿಲ್ಲ. ಆಮೇಲೆ "ಸಾಕು, ಮುಗೀತು" ಅಂತ ದಾರಿ ಪಕ್ಕ ಕೂತ್ಕೊಂಡ. ನಾನು ಖುಷಿಯಿಂದ, ಆಯ್ತಪ್ಪಾ ಮನೆಗೆ ಬಿಟ್ಟು ಬರ್ತೀನಿ, ಅಂತ ಕೈ ಹಿಡಿದೆ, ಹಿಡಿದ ತಕ್ಷಣ ಮತ್ತೆ ಝೂಂ.

ಇಡೀ ದಾರಿ ಇದೇ. ಸ್ವೀಡನ್ನಿನವರು ಇದಕ್ಕೆ ಫಾರ್ಟ್‌ಲೆಕ್ ಅಂತ ಹೆಸರಿಟ್ಟಿದಾರೆ, ವೇಗದ ಆಟ ಅಂತ ಅರ್ಥ, ಗೋಸ್ಟಾ ಹೋಲ್ಮರ್ ಅನ್ನೋ ಕೋಚು 1930ರ ದಶಕದಲ್ಲಿ ತಮ್ಮ ಓಟಗಾರರಿಗೆ ಇದನ್ನ ಅಭ್ಯಾಸ ಮಾಡಿಸಿದ್ದು. ಮನಸ್ಸು ಬಂದಾಗ ಜೋರಾಗಿ ಓಡು, ಬೇಡ ಅನ್ಸಿದಾಗ ನಿಧಾನ ಮಾಡು, ಆ ಮರದವರೆಗೆ ಒಂದು ಓಟ, ಆ ಕಂಬದವರೆಗೆ ಇನ್ನೊಂದು. ನಾನು ಇದನ್ನ ಆ್ಯಪಿನಲ್ಲಿ ಹಾಕ್ಕೊಂಡು, ಬೀಪ್ ಅಂದಾಗ ಮಾತ್ರ ಮನಸ್ಸು ಬರಿಸ್ಕೊಂಡು ಮಾಡ್ತಿದ್ದೆ. ಇವನು ಯಾರೂ ಹೇಳಿಕೊಡ್ದೆ ಹುಟ್ಟಾ ಸ್ವೀಡನ್ನಿನವನ ಥರ ಮಾಡ್ತಿದ್ದ. ಸುಸ್ತಾಗೋದು ನನಗೆ ಮಾತ್ರ. ಅದಕ್ಕೂ ಕಾರಣ ಇದೆ, 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8ರಿಂದ 12 ವರ್ಷದ ಹುಡುಗರು, ಸಾಮಾನ್ಯ ದೊಡ್ಡವರು, ಮತ್ತೆ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿರೋ ಅಥ್ಲೀಟುಗಳು, ಮೂರೂ ಗುಂಪಿನವರ ಹತ್ರ ಜೋರಾಗಿ ಸೈಕಲ್ ತುಳಿಸಿ ನೋಡಿದ್ರು. ಸುಧಾರಿಸಿಕೊಳ್ಳೋದ್ರಲ್ಲಿ ಹುಡುಗರು ಅಥ್ಲೀಟುಗಳ ಸಮಕ್ಕೆ ನಿಂತ್ರು, ಕೆಲವು ಅಳತೇಲಿ ಅವರಿಗಿಂತ ಮುಂದೆ. ಸಾಮಾನ್ಯ ದೊಡ್ಡವರ ಬಗ್ಗೆ ನಾನು ಏನೂ ಹೇಳಲ್ಲ. ಮೂರರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದ್ರೂ ಮೈ ಆಡಿಸ್ಬೇಕು, ಅದ್ರಲ್ಲಿ 60 ನಿಮಿಷ ಚುರುಕಾಗಿ, ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತ್ತು. ನಮ್ಮನೇಲಿ ಆ 180 ನಿಮಿಷ ಸ್ನಾನಕ್ಕೆ ಕರೆಯೋ ಹೊತ್ತಲ್ಲೇ ಮುಗಿದುಹೋಗತ್ತೆ.

ಈಗ ಅವನು ನಿಲ್ಲೋ ವಿಷಯ ಹೇಳ್ಬೇಕು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಲ್ಲಿ 100 ಮೀಟರನ್ನ 9.58 ಸೆಕೆಂಡಲ್ಲಿ ಮುಗಿಸಿದನಲ್ಲ, ಅವನು ಕೂಡ ಗೆರೆ ದಾಟಿದ ಮೇಲೆ ವೇಗ ತಗ್ಗಿಸ್ತಾ ತಗ್ಗಿಸ್ತಾ ಸುಮಾರು ದೂರ ಹೋಗಿಯೇ ನಿಲ್ಲೋದು, ನಿಲ್ಲೋಕೂ ಜಾಗ ಬೇಕಲ್ವಾ. ನನ್ನ ಮಗನಿಗೆ ಆ ಜಾಗ ಬೇಡ. ಓಡ್ತಿದ್ದವನು ಅದೇ ಕ್ಷಣದಲ್ಲಿ ಕಂಬ. ಹಿಂದೆ ಇರೋರಿಗೆ ಸಿಗ್ನಲ್ ಇಲ್ಲ ಬ್ರೇಕ್ ಲೈಟ್ ಇಲ್ಲ. ಎರಡನೇ ವಾರ ಅಂತ ಕಾಣತ್ತೆ, ನಾನು ಅವನ ಹಿಂದೆ ಒಂದೇ ಹೆಜ್ಜೆ ಅಂತರದಲ್ಲಿ, ಅಪರೂಪಕ್ಕೆ ಇಬ್ಬರ ಲಯವೂ ಕೂಡಿ, ಆಹಾ ಇದಲ್ವಾ ತಾಯಿ ಮಗ ಅಂದ್ರೆ ಅಂತ ಮನಸ್ಸಲ್ಲೇ ಫೋಟೋ ತೆಕ್ಕೊಳ್ತಾ ಓಡ್ತಿದ್ದೆ. ನೆಲದ ಮೇಲೆ ಪಾರಿವಾಳದ ಒಂದು ಪುಕ್ಕ ಬಿದ್ದಿತ್ತು. ಅವನು ನಿಂತು ಬಗ್ಗಿದ. ಅವನ ಮೇಲೆ ಬಿದ್ರೆ ಹುಡುಗ ಅಪ್ಪಚ್ಚಿ, ಎಡಕ್ಕೆ ಕಲ್ಲುಬೆಂಚು, ಹಾಗಾಗಿ ನಾನು ಗಾಳೀಲೇ ಬಲಕ್ಕೆ ತಿರುಗೋ ಒಂದು ಪ್ರಯತ್ನ ಮಾಡಿದೆ, ಆ ವಯಸ್ಸಿಗೆ ಆ ತೂಕಕ್ಕೆ ಅದು ದೊಡ್ಡ ಸಾಹಸವೇ, ಒಂದು ಕಾಲು ಇನ್ನೊಂದಕ್ಕೆ ತಗುಲಿ, ಫೋನು ಒಂದು ಕಡೆ, ನೀರಿನ ಬಾಟಲು ಇನ್ನೊಂದು ಕಡೆ, ನಾನು ಪೂರ್ತಿಯಾಗಿ ಹಸಿ ಮಣ್ಣಿನ ಪಾತಿಯೊಳಗೆ. ಮೊಣಕಾಲು ತರಚಿತ್ತು. ಬಾಯಲ್ಲಿ ಎಂಥದೋ ಎಲೆ. ಅವನು ಪುಕ್ಕ ಕೈಲಿ ಹಿಡ್ಕೊಂಡು ಹತ್ರ ಬಂದ, ಬಗ್ಗಿ ನನ್ನ ಮುಖಾನೇ ನೋಡಿದ, ಅಳ್ತಾನೇನೋ ಪಾಪ ಹೆದರಿದಾನೆ ಅಂದ್ಕೊಂಡೆ.

"ಅಮ್ಮಾ, ಇನ್ನೊಂದ್ಸಲ ಮಾಡು," ಅಂದ.

ಅವತ್ತಿಂದ ನಾನು ಅವನ ಹಿಂದೆ ಓಡಲ್ಲ, ಪಕ್ಕಕ್ಕೆ ಎರಡು ಮೊಳ ಬಿಟ್ಟು ಓಡ್ತೀನಿ. ಮಕ್ಕಳ ಜೊತೆ ಓಡೋರು ಯಾರಾದ್ರೂ ಇದನ್ನ ಓದ್ತಿದ್ರೆ ಇದೊಂದನ್ನ ನೆನಪಿಟ್ಕೊಳ್ಳಿ, ಬೇರೆ ಯಾವ ಟಿಪ್ಸೂ ನನ್ನ ಹತ್ರ ಇಲ್ಲ.

ಪಕ್ಕದಲ್ಲಿ ಓಡಿದ್ರೆ ಇನ್ನೊಂದು ಕಷ್ಟ, ಮಾತಾಡ್ಬೇಕು. ಓಡೋವಾಗ ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿದ್ರೆ ನಿಮ್ಮ ವೇಗ ಹದವಾಗಿದೆ ಅಂತ ಅರ್ಥ, ಇದಕ್ಕೆ ಟಾಕ್ ಟೆಸ್ಟ್ ಅಂತಾರೆ, ಅನುಭವಸ್ಥರು ಹೊಸಬರಿಗೆ ಹೇಳಿಕೊಡೋ ಮೊದಲ ಪಾಠ. ನನ್ನ ಮಗ ಈ ಟೆಸ್ಟಲ್ಲಿ ರ್‍ಯಾಂಕ್ ಸ್ಟೂಡೆಂಟು.

"ಅಮ್ಮಾ, ಎರೆಹುಳಕ್ಕೆ ಯಾಕೆ ಕಾಲಿಲ್ಲ?"

"ಬೇಕಾಗಿಲ್ಲ... ಅದಕ್ಕೆ..."

"ಅದು ಹೆಂಗೆ ಓಡತ್ತೆ?"

"ಓಡಲ್ಲ... ತೆವಳತ್ತೆ..."

"ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರೆ?"

"ಮಣ್ಣೊಳಗೆ... ಹೋಗತ್ತೆ..."

"ನಮ್ಮನ್ನ ಯಾರು ಅಟ್ಟಿಸ್ಕೊಂಡು ಬರ್ತಿದಾರೆ?"

"ಯಾರೂ... ಇಲ್ಲ ಕಣೋ..."

"ಮತ್ತೆ ಯಾಕೆ ಓಡ್ತಿದೀವಿ?"

ಇದಕ್ಕೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ಉಸಿರೂ ಇರ್ಲಿಲ್ಲ. ನಿನ್ನಿಂದ ತಪ್ಪಿಸ್ಕೊಳ್ಳೋಕೆ ಮಗನೇ ಅಂತ ಹೇಳೋಕಾಗತ್ತಾ. ಮಜಾ ಬರತ್ತೆ ಅಂತ, ಅಂದೆ. ಅವನು ಎರಡು ಹೆಜ್ಜೆ ಯೋಚನೆ ಮಾಡಿ ನನ್ನ ಮುಖ ನೋಡಿದ. ಕೆಂಪಾಗಿ, ಬೆವರಿಳೀತಾ, ಬಾಯಿ ತೆರ್ಕೊಂಡು ಇದ್ದ ಮುಖ. "ಮಜಾ ಬಂದಾಗ ನಿನ್ನ ಮುಖ ಹಿಂಗಾಗತ್ತಾ?" ಅಂತ ಕೇಳ್ದ, ಬಹಳ ಕಾಳಜಿಯಿಂದಲೇ.

ಶೂ ವಿಷಯ ಒಂದಿದೆ. ಅವನದ್ದು ಪಟ್ಟಿ ಅಂಟಿಸೋ ಥರದ ವೆಲ್ಕ್ರೋ ಶೂ, ಅವನಿಗೆ ನನ್ನ ಹಾಗೆ ಲೇಸಿಂದೇ ಬೇಕು ಅಂತ ಹಟ. ಲೇಸು ಬಿಚ್ಚಿದ್ರೆ ಕಟ್ಟೋಕೆ ನಾನೇ ಕೂರ್ಬೇಕಲ್ಲ, ಹಾಗಾಗಿ ವೆಲ್ಕ್ರೋ ಎಷ್ಟು ದೊಡ್ಡ ವಸ್ತು ಅಂತ ಒಂದು ಕಥೆ ಹೇಳ್ದೆ, ಕಥೆ ನಿಜಾನೇ. ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಲ್ ಅನ್ನೋ ಇಂಜಿನಿಯರು 1941ರಲ್ಲಿ ನಾಯಿ ಕರ್ಕೊಂಡು ಸುತ್ತಾಡೋಕೆ ಹೋದಾಗ ಅವನ ಬಟ್ಟೆಗೂ ನಾಯಿ ಮೈಗೂ ಯಾವುದೋ ಗಿಡದ ಅಂಟುಮುಳ್ಳು ಹತ್ಕೊಂಡ್ವಂತೆ, ಬೇರೆಯವರಾಗಿದ್ರೆ ಬೈಕೊಂಡು ಕಿತ್ತು ಎಸೀತಿದ್ರು, ಅವನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ತುದೀಲಿರೋ ಸಣ್ಣ ಸಣ್ಣ ಕೊಕ್ಕೆಗಳನ್ನ ಕಂಡು, ಅದೇ ಥರ ಪಟ್ಟಿ ಮಾಡಿದ. ಮಗ ಕಣ್ಣರಳಿಸಿ ಕೇಳಿಸ್ಕೊಂಡ. ಮಾರನೇ ದಿನ ಓಟದ ಮಧ್ಯೆ ಕಾಣಿಸ್ಲಿಲ್ಲ, ತಿರುಗಿ ನೋಡಿದ್ರೆ ಎತ್ತರದ ಹುಲ್ಲೊಳಗೆ ಬೇಕಂತ ಹೋಗಿ ಮಂಡೀವರೆಗೂ ಮುಳ್ಳು ಅಂಟಿಸ್ಕೊಂಡು ಬಂದಿದಾನೆ, ಕಾಲುಚೀಲ ಮುಳ್ಳುಹಂದಿ ಆಗಿತ್ತು. ಅಷ್ಟೇ ಆಗಿದ್ರೆ ಸರಿ, ಕೆಲವನ್ನ ಕಿತ್ತು ವೆಲ್ಕ್ರೋ ಒಳಗೇ ಹಾಕಿ ಒತ್ತಿಬಿಟ್ಟಿದ್ದ, ಅಣ್ಣನನ್ನೂ ತಮ್ಮನನ್ನೂ ಭೇಟಿ ಮಾಡಿಸಿದ್ದಂತೆ. ಆ ಪಟ್ಟಿ ಆಮೇಲೆ ಅಂಟಲೇ ಇಲ್ಲ. ಒಂದೊಂದೇ ಮುಳ್ಳು ಕೀಳ್ತಾ ನಾವಿಬ್ಬರೂ ಇಪ್ಪತ್ತು ನಿಮಿಷ ಕಟ್ಟೆ ಮೇಲೆ ಕೂತಿದ್ವಿ, ಆ ದಿನದ ಓಟ 400 ಮೀಟರ್.

ಹಾಳಾಗ್ಲಿ ಅಂತ ಲೇಸಿನ ಶೂನೇ ತಂದೆ. ಹೆಬ್ಬೆರಳಗಲ ಜಾಗ ಮುಂದೆ ಬಿಟ್ಟಿರ್ಬೇಕು ಅಂತ ಒತ್ತಿ ನೋಡಿ ತಗೊಂಡಿದ್ದು. ಮೊದಲ ದಿನವೇ ಎರಡೂ ಬಿಚ್ಚಿ ಕೈಲಿ ಹಿಡ್ಕೊಂಡು ಬರಿಗಾಲಲ್ಲಿ ಓಡಿದ. ನನಗೆ ಬೈಯೋಕೂ ಬಾಯಿಲ್ಲ, ಯಾಕಂದ್ರೆ ಅಬೆಬೆ ಬಿಕಿಲಾ ಅನ್ನೋ ಇಥಿಯೋಪಿಯಾದವನು 1960ರ ರೋಮ್ ಒಲಿಂಪಿಕ್ಸಲ್ಲಿ ಇಡೀ ಮ್ಯಾರಥಾನನ್ನ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದ ಅಂತ ಹಿಂದಿನ ರಾತ್ರಿ ಮಲಗಿಸೋವಾಗ ಕಥೆ ಹೇಳಿದ್ದು ನಾನೇ. 1964ರಲ್ಲಿ ಟೋಕಿಯೋದಲ್ಲಿ ಅವನೇ ಶೂ ಹಾಕ್ಕೊಂಡು ಇನ್ನೂ ಬೇಗ ಓಡಿದ ಅನ್ನೋ ಭಾಗ ಬರೋ ಮುಂಚೆ ಇವನು ನಿದ್ದೆ ಹೋಗಿದ್ದ.

ದೂರದ ಲೆಕ್ಕ ಕಲ್ತಿದ್ದು ಬೆನ್ನು ಬಗ್ಗಿಸಿಯೇ. ಒಂದು ದಿನ ಅವನು ಎಂದೂ ಇಲ್ದ ಹುರುಪಲ್ಲಿ ಓಡಿದ. ಒಂದು ಕಿಲೋಮೀಟರ್ ಆಯ್ತು, ಒಂದೂಕಾಲು ಆಯ್ತು, ನನಗೆ ಹೆಮ್ಮೆಯೋ ಹೆಮ್ಮೆ, ದಾರೀಲಿ ನಡೀತಿದ್ದೋರು ಮುಗುಳ್ನಗ್ತಿದ್ರು, ನಾನು ಅವರಿಗೆಲ್ಲ ಹೌದು ನನ್ನ ಮಗನೇ ಅನ್ನೋ ಥರ ತಲೆ ಆಡಿಸ್ತಿದ್ದೆ. ಒಂದೂವರೇಲಿ ಬ್ಯಾಟರಿ ಖಾಲಿ. ಬ್ಯಾಟರಿ ಸ್ವಲ್ಪ ಸ್ವಲ್ಪ ಇಳಿಯೋದಲ್ಲ, ನೂರಿಂದ ಸೀದಾ ಸೊನ್ನೆ. "ಕಾಲು ಮುಗೀತು," ಅಂದ. ಹೋಗಿದ್ದಷ್ಟೇ ದೂರ ವಾಪಸ್ಸೂ ಬರ್ಬೇಕು ಅನ್ನೋ ಸತ್ಯ ನನಗೆ ಆಗ ಹೊಳೀತು. ಎತ್ಕೋ ಅಂದ, ಎತ್ಕೊಂಡೆ, ನೂರು ಮೀಟರಿಗೆ ತೋಳು ಬಿದ್ಹೋಯ್ತು. ಆಮೇಲೆ ಉಪ್ಪಿನಮೂಟೆ. ಆಟಕ್ಕೆ ಹೊತ್ಕೊಳ್ಳೋ ಉಪ್ಪಿನಮೂಟೆ ಬೇರೆ, ಒಂದೂವರೆ ಕಿಲೋಮೀಟರ್ ಹೊರೋ ಉಪ್ಪಿನಮೂಟೆ ಬೇರೆ, ಎರಡನೇದಕ್ಕೆ ಹದಿನೇಳು ಕೆಜಿ ತೂಕ ಇದೆ ಅಂತ ಪ್ರತಿ ಹೆಜ್ಜೆಗೂ ಗೊತ್ತಾಗತ್ತೆ. ಮೇಲೆ ಕೂತವನಿಗೆ ಎರಡೇ ನಿಮಿಷದಲ್ಲಿ ಜೀವ ಬಂತು. ಕುದುರೆಗೆ ಒದ್ದ ಹಾಗೆ ಪಕ್ಕೆಗೆ ಒದ್ದು "ಓಡಮ್ಮಾ, ನಡೀಬಾರ್ದು, ಇದು ರನ್ನಿಂಗು" ಅಂತಾನೆ. ಇಳಿದು ನೀನೇ ಓಡು ಅಂದ್ರೆ ಕಾಲು ಮತ್ತೆ ಮುಗಿಯತ್ತೆ. ಇಷ್ಟರ ಮಧ್ಯೆ ಅಮ್ಮಾ ಸೂಸು ಅಂತ ಬೇರೆ, ಆ ಐದು ನಿಮಿಷದ್ದು ಇಲ್ಲಿ ಬರೆಯೋಲ್ಲ. ಮನೆ ಸೇರೋ ಹೊತ್ತಿಗೆ ವಾಚಿನಲ್ಲಿ ಆ ವರ್ಷದಲ್ಲೇ ಅತಿ ಹೆಚ್ಚು ಹೃದಯ ಬಡಿತ ದಾಖಲಾಗಿತ್ತು, ನಿಮ್ಮ ಫಿಟ್ನೆಸ್ ಸುಧಾರಿಸ್ತಿದೆ ಅಂತ ಅಭಿನಂದನೆ ಕೂಡ ಬಂತು. ಈಗ ನಾವು ಮನೆ ಸುತ್ತಲೇ ಗಾಣದೆತ್ತಿನ ಥರ ಸುತ್ತು ಹಾಕೋದು, ಕಾಲು ಎಲ್ಲೇ ಮುಗಿದ್ರೂ ಬಾಗಿಲು ಇನ್ನೂರು ಮೀಟರಿಗಿಂತ ದೂರ ಇರಲ್ಲ.

ಮೊನ್ನೆ ಮೊನ್ನೆ ಮಕ್ಕಳ ಓಟ ಒಂದಕ್ಕೆ ಹೆಸರು ಕೊಟ್ವಿ. ದೊಡ್ಡವರ ಓಟ ಮುಗಿದ ಮೇಲೆ ಚಿಕ್ಕೋರಿಗೆ ಅಂತ 1 ಕಿಲೋಮೀಟರು. ಎದೆಗೆ ಚುಚ್ಚೋ ನಂಬರಿಂದಲೇ ರಗಳೆ ಶುರುವಾಯ್ತು, ಇವನಿಗೆ ಬಂದಿದ್ದು 217. "ನಂಗೆ ನಾಲ್ಕು ವರ್ಷ, ನಂಗೆ ನಾಲ್ಕು ಬೇಕು" ಅಂತ ಅತ್ತ, ನಾಲ್ಕನೇ ನಂಬರಿನ ಹುಡುಗಿಗೆ ಏಳು ವರ್ಷ ಆಗಿತ್ತು, ಅವಳನ್ನ ಇವನು ನೋಡಿದ ನೋಟ ನೋಡಿ ಅವರಮ್ಮ ಅವಳನ್ನ ಆಚೆ ಕರ್ಕೊಂಡು ಹೋದ್ರು. ನಾಲ್ಕು ಮೂಲೆಗೆ ನಾಲ್ಕು ಪಿನ್ನು, ಅದ್ರಲ್ಲಿ ಒಂದು ನನ್ನ ಬೆರಳಿಗೆ. ಸುತ್ತಲಿನ ಅಪ್ಪ ಅಮ್ಮಂದಿರು ನೋಡ್ಬೇಕಿತ್ತು, ಓಡೋರು ಮಕ್ಕಳು, ಸ್ಟ್ರೆಚ್ ಮಾಡ್ತಿರೋರು ಇವರು. ಒಬ್ಬರಂತೂ ಮಗುವಿನ ಕಿವೀಲಿ ಯುದ್ಧಕ್ಕೆ ಕಳಿಸೋ ಹಾಗೆ ಏನೋ ಉಪದೇಶ ಮಾಡ್ತಿದ್ರು. ನಾನು ಹಾಗೆಲ್ಲ ಇಲ್ಲಪ್ಪ ಅಂದ್ಕೊಂಡು, ಮಗನಿಗೆ ಮೆಲ್ಲಗೆ, ಶುರುವಲ್ಲೇ ಜೋರಾಗಿ ಹೋಗ್ಬೇಡ ಕಂದ, ಕೊನೇಗೆ ಉಳಿಸ್ಕೋ, ಅಂತಷ್ಟೇ ಹೇಳ್ದೆ. ಎರಡು ಸಲ. ಮೂರು ಇರ್ಬಹುದು.

ಓಡಿದ ಮಾರಾಯ್ರೇ, ನಿಜವಾಗ್ಲೂ ಓಡಿದ. ಒಂದು ಕಡೆ ಕೂತ, ಒಂದು ಕಡೆ ಯಾರದೋ ಬಿದ್ದ ಟೋಪಿ ಎತ್ತಿಕೊಟ್ಟ, ಉಳಿದಂತೆ ಚೆನ್ನಾಗೇ ಓಡಿ ಕೊನೇ ತಿರುವಿಗೆ ಬಂದ. ಗೆರೆ ಆಚೆ ನಿಂತು ನಾನು ಕೂಗ್ತಿದೀನಿ, ನನ್ನ ಗಂಡ ವಿಡಿಯೋ ಮಾಡ್ತಿದಾರೆ. ಗೆರೆಗೆ ಎರಡು ಹೆಜ್ಜೆ ಇದೆ ಅನ್ನೋವಾಗ ನಿಂತ. ಅವನ ನಿಲ್ಲೋದು ಗೊತ್ತಲ್ಲ, ಹಿಂದಿದ್ದ ಇಬ್ಬರು ಪುಟಾಣಿಗಳು ಅವನಿಗೆ ಡಿಕ್ಕಿ ಹೊಡೆದು ಪಕ್ಕದಿಂದ ಹೋದ್ರು. ಗೆರೆ ನೋಡಿದ, ನನ್ನ ನೋಡಿದ. "ಇದು ದಾಟಿದ್ರೆ ಮುಗೀತಾ?"

"ಹೂಂ, ಬಾ ಬಾ ಬಾ, ದಾಟು!"

"ಮನೆಗೆ ಹೋಗ್ಬೇಕಾ?"

"ಹೂಂ ಕಣೋ, ಮೆಡಲ್ ಕೊಡ್ತಾರೆ, ಬಾ!"

ಒಂದು ಕ್ಷಣ ಲೆಕ್ಕ ಹಾಕಿದ. ಆಮೇಲೆ ಹಿಂದಕ್ಕೆ ತಿರುಗಿ, ಕೈ ಹಿಂದೆ ಚಾಚಿ, ಝೂಂ.

ನೂರಾರು ಮಕ್ಕಳು ಈ ಕಡೆ ಬರ್ತಿದಾರೆ, ಇವನೊಬ್ಬ ಆ ಕಡೆ ಹೋಗ್ತಿದಾನೆ, ಅವನ ಹಿಂದೆ ಹಗ್ಗ ದಾಟಿ ನಾನು, ಸಾರಿ ಸಾರಿ ಸಾರಿ ಅಂತ ಕೂಗ್ತಾ, ಸೊಂಟದೆತ್ತರದ ಜನಪ್ರವಾಹದ ವಿರುದ್ಧ ಈಜ್ತಾ. ಪಿ.ಟಿ. ಉಷಾ 1984ರ ಒಲಿಂಪಿಕ್ಸಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗಕ್ಕೆ ಕಂಚು ಕಳ್ಕೊಂಡ್ರು, ನನಗೆ ಚಿಕ್ಕಂದಿನಿಂದ ಅದನ್ನ ಕೇಳಿದಾಗೆಲ್ಲ ಹೊಟ್ಟೆ ಕಿವುಚತ್ತೆ. ಇವನು ಎರಡು ಹೆಜ್ಜೆ ಮುಂಚೆ ಬೇಕಂತ ಬಿಟ್ಟು ಹೋದ. ಅಂತೂ ಮಧ್ಯ ದಾರೀಲಿ ಹಿಡಿದೆ, ಅಷ್ಟೊತ್ತಿಗೆ ಗೆರೆ ಬಿಚ್ಚಿ ಸುತ್ತಿಡ್ತಿದ್ರು. ಮೆಡಲ್ ಕೊಟ್ರು, ಎಲ್ಲರಿಗೂ ಕೊಡ್ತಿದ್ರು. ರಿಸಲ್ಟ್ ಪಟ್ಟೀಲಿ ಮಾತ್ರ 217ರ ಮುಂದೆ "ಮುಗಿಸಿಲ್ಲ" ಅಂತ ಇತ್ತು, ಅವತ್ತು ಎಲ್ಲರಿಗಿಂತ ಜಾಸ್ತಿ ಓಡಿದ ಮಗು ಇವನೇ ಆಗಿದ್ರೂ.

ಮನೇಲಿ ಅದನ್ನೇ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು. ನಮ್ಮೆಜಮಾನ್ರಿಗೆ ಇಂಥ ಸಮಯದಲ್ಲಿ ಜ್ಞಾನೋದಯ ಆಗತ್ತೆ, "ಗೆರೆ ಎಲ್ಲಿರ್ಬೇಕು ಅಂತ ಮಕ್ಕಳೇ ತೀರ್ಮಾನ ಮಾಡೋದು ಹೊಸದೇನಲ್ಲ ಬಿಡು" ಅಂದ್ರು. ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್ ಅನ್ನೋ ಆ ವಿಚಿತ್ರ ಲೆಕ್ಕ ಬಂದಿದ್ದು 1908ರ ಲಂಡನ್ ಒಲಿಂಪಿಕ್ಸಿಂದ. ಓಟ ವಿಂಡ್ಸರ್ ಅರಮನೆ ಹತ್ರ ಶುರುವಾಗಿ ಸ್ಟೇಡಿಯಮ್ಮಲ್ಲಿ ರಾಜರು ಕೂರೋ ಜಾಗದ ಮುಂದೆ ಮುಗೀತು, ರಾಜಮನೆತನದ ಮಕ್ಕಳಿಗೆ ಕಿಟಕಿಯಿಂದ ಕಾಣ್ಲಿ ಅಂತ ಶುರು ಮಾಡೋ ಜಾಗವನ್ನ ಅಲ್ಲಿಟ್ರು ಅಂತ ಒಂದು ಕಥೆ ಹೇಳ್ತಾರೆ, 1921ರಲ್ಲಿ ಅದೇ ದೂರ ಖಾಯಂ ಆಯ್ತು. ಇವತ್ತಿಗೂ 40ನೇ ಕಿಲೋಮೀಟರಲ್ಲಿ ಕಾಲು ಎಳ್ಕೊಂಡು ಹೋಗೋರು ಯಾರದೋ ಮನೆ ಮಕ್ಕಳ ಕಿಟಕಿಗೋಸ್ಕರ ಎಳೀತಿದಾರೆ ಅಂದ್ರೆ, ನಾನು ಕಲ್ಲು ಎತ್ತಿ ನೋಡ್ತಾ ಕೂರೋದು ಯಾವ ಲೆಕ್ಕ.

ಇಷ್ಟೆಲ್ಲ ಆಗಿ ನನಗೆ ಆ ಹಳೇ ಅರ್ಧ ಗಂಟೆ ಬೇಡವಾಯ್ತಾ ಅಂತ ಕೇಳಿದ್ರೆ, ಇಲ್ಲ, ಬೇಕು, ಚೆನ್ನಾಗಿ ಬೇಕು. ಹೋದ ಭಾನುವಾರ ಅವನು ರಾತ್ರಿ ತಡವಾಗಿ ಮಲಗಿದ್ದ, ನಾನು ಬೆಳಗ್ಗೆ ಮೂರನೇ ಟೈಲ್ಸು ದಾಟಿ, ಕೆಮ್ಮು ಹಿಡಿದು, ಚಿಲಕ ತೆಗೆದು, ಗೇಟಿನ ಹೊರಗೆ ಶೂ ಹಾಕ್ಕೊಂಡೆ. ಯಾರೂ ಇಲ್ಲ. ತಂಪು ಗಾಳಿ. ನನ್ನ ಉಸಿರು ನನಗೇ ಕೇಳಿಸ್ತು, ಎಷ್ಟು ತಿಂಗಳಾಗಿತ್ತೋ. ಒಂದೇ ಹದದಲ್ಲಿ, ಎಲ್ಲೂ ನಿಲ್ದೆ, ಕಲ್ಲು ಪುಕ್ಕ ಯಾವುದನ್ನೂ ನೋಡ್ದೆ 5 ಕಿಲೋಮೀಟರ್, 33 ನಿಮಿಷ, ನನ್ನ ಮಟ್ಟಿಗೆ ದಾಖಲೆ. ತೇಲ್ತಾ ವಾಪಸ್ ಬಂದ್ರೆ ಮೆಟ್ಟಿಲ ಮೇಲೆ ಕೂತಿದಾನೆ. ಅದೇ ಸ್ವಿಮ್ಮಿಂಗ್ ಚಡ್ಡಿ. ಶೂ ಈ ಸಲ ಸರಿಯಾದ ಕಾಲಿಗೆ ಹಾಕ್ಕೊಂಡಿದಾನೆ, ಲೇಸು ಮಾತ್ರ ಎರಡೂ ಶೂಗೆ ಸೇರಿಸಿ ಒಂದೇ ಗಂಟು.

"ಓಡಿದ್ಯಾ?" ಅಂದ.

"ಹೂಂ ಕಂದ. ಐದು ಕಿಲೋಮೀಟರ್, ಗೊತ್ತಾ!" ಅಂದೆ. ತಪ್ಪಿತಸ್ಥ ಭಾವನೆ ಇದ್ರೂ ಹೆಮ್ಮೆ ಹತ್ತಿಕ್ಕೋಕೆ ಆಗ್ಲಿಲ್ಲ.

"ಯಾರ್ ಜೊತೆ?"

"ಒಬ್ಬಳೇ."

ಸ್ವಲ್ಪ ಹೊತ್ತು ಗಂಟು ಎಳೀತಾ ಕೂತ. ಬಿಚ್ಚಲಿಲ್ಲ. ಆಮೇಲೆ ತಲೆ ಎತ್ತಿ, ಪಾಪ ಅನ್ನೋ ದನೀಲಿ ಹೇಳ್ದ, "ಹಂಗಾದ್ರೆ ನೀನೇ ಲಾಸ್ಟು."